ಕಾರಿಗೆ ಆರು ಲಕ್ಷ, ಸಾಲ ಎಂಟು ಲಕ್ಷ: ಈಗೇನು ಮಾಡೋದು?

ನನ್ನ ಭಾವಮೈದ ಮಾರಲು ಹೊರಟ ಕಾರನ್ನು ನೋಡಲು ಬ್ರೋಕರ್ ಬಂದಿದ್ದು ಭಾನುವಾರ ಬೆಳಿಗ್ಗೆ. ಬಾಗಿಲ ಅಂಚಿನ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ನೋಡಿದ. ಜೇಬಿನಿಂದ ಪುಟ್ಟ ಮೀಟರ್ ತೆಗೆದು ಬಾನೆಟ್ ಮೇಲೆ, ಬಾಗಿಲ ಮೇಲೆ ಇಟ್ಟು ಪೇಂಟ್ ಎಷ್ಟು ದಪ್ಪ ಇದೆ ಅಂತ ಅಳೆದ. ಡಿಕ್ಕಿ ತೆಗೆದು ಸ್ಟೆಪ್ನಿಯನ್ನೂ ಬಿಡಲಿಲ್ಲ. ಕೊನೆಗೆ ‘ಗಾಡಿ ನೀಟಾಗಿದೆ ಸಾರ್, ಆರು ಇಪ್ಪತ್ತು ಕೊಡಿಸ್ತೀನಿ’ ಎಂದ. ಭಾವಮೈದ ಮಾತಾಡದೆ ಮೊಬೈಲಿನಲ್ಲಿ ಲೋನ್ ಆ್ಯಪ್ ತೆಗೆದು ನನ್ನ ಕೈಗೆ ಕೊಟ್ಟ. ಬಾಕಿ ಅಸಲು ಸುಮಾರು 7.78 ಲಕ್ಷ. ‘ಭಾವ, ಎರಡು ವರ್ಷ ಒಂದು ಕಂತೂ ತಪ್ಪಿಸಿಲ್ಲ. ಇದು ಹೇಗೆ?’

ಹೇಗೆ ಅನ್ನೋದನ್ನು ಮೊದಲು ನೋಡೋಣ. ಇದು ಅವನೊಬ್ಬನ ಕಥೆಯಲ್ಲ.

ಹಳ್ಳ ಬಿದ್ದಿದ್ದು ಎಲ್ಲಿ?

ಆ ಕಾರಿನ ಷೋರೂಂ ಬೆಲೆ 8.5 ಲಕ್ಷ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ 14, ಅದರ ಮೇಲೆ ಸೆಸ್ ಬೇರೆ. ವಿಮೆ, ನೋಂದಣಿ, ಸೀಟ್ ಕವರ್ ಎಲ್ಲ ಸೇರಿ ಆನ್‌ರೋಡ್ ಬೆಲೆ ಹತ್ತು ಲಕ್ಷ ದಾಟಿತು. ಅವನು 10 ಲಕ್ಷ ಸಾಲ ಮಾಡಿದ. ಅಂದರೆ ತೆರಿಗೆಗೂ ಸಾಲ, ಸೀಟ್ ಕವರಿಗೂ ಸಾಲ. ಗಾಡಿ ಮಾರುವಾಗ ಈ ದುಡ್ಡನ್ನು ಯಾರೂ ವಾಪಸ್ ಕೊಡುವುದಿಲ್ಲ. ಮೊದಲ ದಿನವೇ ಒಂದೂವರೆ ಲಕ್ಷ ಹಳ್ಳ.

ಎರಡನೆಯದು ಏಳು ವರ್ಷದ ಅವಧಿ. ಶೇ 9.5 ಬಡ್ಡಿಗೆ 84 ಕಂತು, ತಿಂಗಳಿಗೆ 16,344 ರೂಪಾಯಿ. ಮೊದಲ ಕಂತಿನಲ್ಲಿ 7,917 ರೂಪಾಯಿ ಬಡ್ಡಿಗೇ ಹೋಯಿತು. ಎರಡು ವರ್ಷದಲ್ಲಿ ಅವನು ಕಟ್ಟಿದ್ದು 3.92 ಲಕ್ಷ, ಅಸಲು ಇಳಿದದ್ದು ಬರೀ 2.22 ಲಕ್ಷ. ಕಂತು ಕಡಿಮೆ ಕಾಣುತ್ತದೆ ಅಂತ ಏಳು ವರ್ಷ ಬರೆಸಿದರೆ ಹೀಗೇ ಆಗುವುದು.

ಕಾರು ಮಾತ್ರ ನಿಧಾನವಾಗಿ ಇಳಿಯುವುದಿಲ್ಲ. ವಿಮೆಯ ಲೆಕ್ಕದಲ್ಲಿ ಆ ಮಾದರಿಯ ಈಗಿನ ಷೋರೂಂ ಬೆಲೆಯಿಂದ ಎರಡನೇ ವರ್ಷ ಶೇ 20 ಕಳೆಯುತ್ತಾರೆ, ಮೂರನೇ ವರ್ಷ ಶೇ 30, ನಾಲ್ಕನೇ ವರ್ಷ ಶೇ 40. ಇದರ ಮೇಲೆ 2025ರ ಸೆಪ್ಟೆಂಬರ್ 22 ಬಂತು. ಅಂದಿನಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಮೊದಲು ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29 ಇತ್ತು. ಹೊಸ ಕಾರು ಕೊಳ್ಳುವವರಿಗೆ ಹಬ್ಬ. ಹಳೇ ಕಾರು ಇಟ್ಟುಕೊಂಡವರಿಗೆ? ತೆರಿಗೆ ಇಳಿದಷ್ಟೂ ಕಂಪನಿ ಬಿಟ್ಟುಕೊಟ್ಟರೆ 8.5 ಲಕ್ಷದ ಕಾರು ಹೆಚ್ಚುಕಡಿಮೆ 7.78 ಲಕ್ಷಕ್ಕೆ ಬರುತ್ತದೆ. ಭಾವಮೈದನ ಬಾಕಿ ಎಷ್ಟು? ಅದೇ 7.78. ಅವನ ಹಳೇ ಸಾಲದಲ್ಲಿ ಷೋರೂಂನಿಂದ ಅದೇ ಕಾರು ಹೊಸದು ಬರುತ್ತಿತ್ತು!

ಹೆಜ್ಜೆ 1: ನಿಜವಾದ ಅಂತರ ಎಷ್ಟು?

ಆ್ಯಪ್ ತೋರಿಸುವ ಬಾಕಿಯನ್ನು ನಂಬಿ ಕೂರಬೇಡಿ. ಬ್ಯಾಂಕಿನಿಂದ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ತರಿಸಿ. ಇಂಥ ದಿನ ಸಾಲ ಪೂರ್ತಿ ತೀರಿಸಬೇಕಾದರೆ ಎಷ್ಟು ಕಟ್ಟಬೇಕು ಅನ್ನೋದು ಅದರಲ್ಲಿ ಇರುತ್ತದೆ. ಅಸಲು, ಆ ದಿನದವರೆಗಿನ ಬಡ್ಡಿ, ಅವಧಿಗೆ ಮೊದಲೇ ತೀರಿಸುವ ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ. ಸ್ವಂತ ಬಳಕೆಗೆ ಮಾಡಿದ ಸಾಲ ಫ್ಲೋಟಿಂಗ್ ಬಡ್ಡಿಯದಾದರೆ, ಅಂದರೆ ದರ ಏರಿಳಿಯುವಂಥದ್ದಾದರೆ, ಈ ಶುಲ್ಕ ಹಾಕುವಂತಿಲ್ಲ ಎಂದು ಆರ್‌ಬಿಐ ಹೇಳಿದೆ. ಆದರೆ ಕಾರು ಸಾಲ ಹೆಚ್ಚಾಗಿ ಫಿಕ್ಸೆಡ್ ಬಡ್ಡಿಯಲ್ಲೇ ಇರುತ್ತದೆ. ನಿಮ್ಮದು ಯಾವುದು ಅಂತ ಮಂಜೂರಾತಿ ಪತ್ರದಲ್ಲಿ ನೋಡಿ. ಶುಲ್ಕ ಶೇ 3 ಅಂತ ಇಟ್ಟುಕೊಳ್ಳಿ. 7.78 ಲಕ್ಷಕ್ಕೆ ಜಿಎಸ್‌ಟಿ ಸೇರಿ 27,500 ರೂಪಾಯಿ ಆಯಿತು. ಬಾಕಿಗೂ ಬ್ರೋಕರ್ ಹೇಳಿದ 6.20 ಲಕ್ಷಕ್ಕೂ ಇರುವ 1.58 ಲಕ್ಷದ ಅಂತರ ಸುಮ್ನೆ 1.86 ಲಕ್ಷ ಆಗಿಬಿಡುತ್ತದೆ.

ಕಾರಿನ ಬೆಲೆಯನ್ನೂ ಒಬ್ಬರ ಬಾಯಲ್ಲಿ ಕೇಳಿ ಬಿಡಬೇಡಿ. ಒಬ್ಬ ಬ್ರೋಕರ್, ಒಂದು ಆನ್‌ಲೈನ್ ಕಂಪನಿ, ಒಬ್ಬ ಡೀಲರ್, ಹೀಗೆ ಮೂರು ಕಡೆ ಕೇಳಿ. ಆನ್‌ಲೈನ್‌ನಲ್ಲಿ ಫೋಟೊ ನೋಡಿ ಹೇಳುವ ಬೆಲೆ ಮನೆಗೆ ಬಂದು ನೋಡಿದ ಮೇಲೆ ಇಳಿಯುವುದೇ ಜಾಸ್ತಿ. ಆ ಎರಡನೇ ಬೆಲೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಜ್ಜೆ 2: ಮಾರಲೇಬೇಕಾ?

ಕಂತು ಕಟ್ಟುವ ಶಕ್ತಿ ಇದೆ, ಕಾರು ಓಡುತ್ತಿದೆ ಅಂದರೆ ಈ ಅಂತರ ನಿಮ್ಮನ್ನು ಕಾಡುವುದಿಲ್ಲ. ಅದು ಕೈ ಕಚ್ಚುವುದು ಮಾರಿದಾಗ, ಇಲ್ಲವೇ ಕಾರೇ ಹೋದಾಗ. ಭಾವಮೈದ ಮಾರಲು ಹೊರಟಿದ್ದು ಏಳು ಸೀಟಿನ ಗಾಡಿ ಬೇಕು ಅಂತ. ಅಪ್ಪ ಅಮ್ಮ ಊರಿಂದ ಬರುವುದು ವರ್ಷಕ್ಕೆ ಎರಡು ಸಲ. ಆ ಎರಡು ಸಲಕ್ಕೆ ಬಾಡಿಗೆ ಗಾಡಿ ಮಾಡು ಮಾರಾಯ ಅಂದೆ. ಮುಖ ಸಣ್ಣದಾಯಿತು, ಇರಲಿ.

ಹೆಜ್ಜೆ 3: ಕಾರು ಇಟ್ಟುಕೊಂಡರೆ, ಮೊದಲು ವಿಮೆ ನೋಡಿ

ಇದನ್ನು ಬಹಳ ಜನ ಮರೆಯುತ್ತಾರೆ. ಕಾರು ಕಳುವಾದರೆ, ಅಥವಾ ಅಪಘಾತದಲ್ಲಿ ರಿಪೇರಿ ಖರ್ಚು ಐಡಿವಿಯ (ಮೇಲೆ ಹೇಳಿದಂತೆ ಸವಕಳಿ ಕಳೆದು ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ) ಶೇ 75 ದಾಟಿ ‘ಟೋಟಲ್ ಲಾಸ್’ ಆದರೆ, ವಿಮಾ ಕಂಪನಿ ಕೊಡುವುದು ಐಡಿವಿ ಲೆಕ್ಕದಲ್ಲಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುವುದರಿಂದ ಆ ದುಡ್ಡು ಮೊದಲು ಬ್ಯಾಂಕಿಗೆ. ಭಾವಮೈದನ ಪಾಲಿಸಿಯಲ್ಲಿ ಐಡಿವಿ 5.44 ಲಕ್ಷ. ಕಾರೂ ಇಲ್ಲ, ಮೇಲೆ 2.34 ಲಕ್ಷ ಬಾಕಿ. ‘ಝೀರೊ ಡೆಪ್ ಇದೆಯಲ್ಲ’ ಅಂದ. ಅದು ಬಂಪರ್, ಬಾಗಿಲು ಬದಲಿಸುವಾಗ ಉಪಯೋಗಕ್ಕೆ ಬರುವುದು. ಟೋಟಲ್ ಲಾಸ್‌ಗೆ ಬೇಕಾಗಿರುವುದು ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಆ್ಯಡ್-ಆನ್. ಅದಿದ್ದರೆ ಕೊಂಡಾಗಿನ ಬಿಲ್ ಬೆಲೆಯ ಲೆಕ್ಕದಲ್ಲಿ ಪರಿಹಾರ ಸಿಗುತ್ತದೆ. ಹಲವು ಪಾಲಿಸಿಗಳಲ್ಲಿ ರಸ್ತೆ ತೆರಿಗೆಯೂ ಸೇರುತ್ತದೆ. ಸಾಮಾನ್ಯವಾಗಿ ಮೊದಲ ಮೂರು ವರ್ಷದ ಒಳಗಿನ ಕಾರಿಗೆ ಮಾತ್ರ ಕೊಡುತ್ತಾರೆ. ಪಾಲಿಸಿ ನವೀಕರಿಸುವಾಗ ಬಾಯಿಬಿಟ್ಟು ಕೇಳಬೇಕು.

ಹೆಜ್ಜೆ 4: ಅಸಲಿಗೆ ಒಂದಿಷ್ಟು ಕಟ್ಟಿ

ಬೋನಸ್ ಬಂತು, ಚೀಟಿ ಎತ್ತಿದಿರಿ, ಎಫ್‌ಡಿ ಅವಧಿ ಮುಗಿಯಿತು. ಅದರಲ್ಲಿ ಒಂದು ಪಾಲು ಅಸಲಿಗೆ ಹಾಕಿ. ಭಾವಮೈದ 1 ಲಕ್ಷ ಕಟ್ಟಿ ಕಂತನ್ನು ಹಾಗೆಯೇ ಇಟ್ಟರೆ ಉಳಿದ 60 ಕಂತು ಐವತ್ತೂವರೆಗೆ ಇಳಿಯುತ್ತದೆ. ಶುಲ್ಕ ಬಿಟ್ಟು ಹೇಳುವುದಾದರೆ ಬಡ್ಡಿಯಲ್ಲಿ 55 ಸಾವಿರ ಉಳಿಯಿತು. ಬ್ಯಾಂಕಿನವರು ‘ಕಂತು ಕಡಿಮೆ ಮಾಡಲಾ, ಅವಧಿ ಕಡಿಮೆ ಮಾಡಲಾ’ ಅಂತ ಕೇಳಿದರೆ ಅವಧಿ ಅನ್ನಿ. ಕೇಳದಿದ್ದರೆ ನೀವೇ ಬರೆದುಕೊಡಿ. ವರ್ಷಕ್ಕೆ ಎಷ್ಟು ಸಲ, ಎಷ್ಟು ಮೊತ್ತ ಕಟ್ಟಬಹುದು ಅನ್ನೋದು ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಥರ, ಮೊದಲೇ ವಿಚಾರಿಸಿ.

ಹೆಜ್ಜೆ 5: ಮಾರಲೇಬೇಕು ಅಂದರೆ

ಬೇರೆ ದೇಶಕ್ಕೆ ಹೊರಟಿರಬಹುದು, ಕೆಲಸ ಹೋಗಿರಬಹುದು. ಆಗ ಅಂತರದ ದುಡ್ಡನ್ನು ನೀವೇ ಹೊಂದಿಸಬೇಕು. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನ ಚಿನ್ನದ ಸಾಲ ಸಾಮಾನ್ಯವಾಗಿ ಪರ್ಸನಲ್ ಲೋನ್‌ಗಿಂತ ಅಗ್ಗ. ಹಳೆಯ ಎಲ್‌ಐಸಿ ಪಾಲಿಸಿ ಮೇಲೂ ಸಾಲ ಸಿಗಬಹುದು. ಕ್ರೆಡಿಟ್ ಕಾರ್ಡ್ ಕಡೆ ಮಾತ್ರ ತಿರುಗಿಯೂ ನೋಡಬೇಡಿ.

ಕೊಳ್ಳುವವರ ಹಣ ನೇರ ನಿಮ್ಮ ಲೋನ್ ಖಾತೆಗೆ ಹೋಗಲಿ, ಉಳಿದದ್ದನ್ನು ಅದೇ ದಿನ ನೀವು ಕಟ್ಟಿ. ಬ್ಯಾಂಕ್ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಹಿ ಹಾಕಿದ ಫಾರಂ 35 ಕೊಡುತ್ತದೆ. ಅದನ್ನು ಆರ್‌ಟಿಒಗೆ ಕೊಟ್ಟರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗುತ್ತದೆ. ಆಮೇಲೆ ಫಾರಂ 29 ಮತ್ತು 30ರಲ್ಲಿ ಹೆಸರು ವರ್ಗಾವಣೆ.

‘ಲೋನ್ ಸಮೇತ ಕೊಟ್ಟುಬಿಡಿ, ಕಂತು ನಾನು ಕಟ್ಕೋತೀನಿ’ ಅನ್ನುವವರು ಸಿಗುತ್ತಾರೆ. ನೂರು ರೂಪಾಯಿ ಸ್ಟ್ಯಾಂಪ್ ಪೇಪರಿನ ಕರಾರು ನಂಬಿ ಕೀ ಕೊಡಬೇಡಿ. ಬ್ಯಾಂಕಿನ ಮಟ್ಟಿಗೆ ಸಾಲಗಾರರು ನೀವೇ. ಆ ಕಾರು ಯಾರಿಗಾದರೂ ಗುದ್ದಿದರೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಪರಿಹಾರದ ಹೊಣೆ ನಿಮ್ಮ ತಲೆಗೇ ಬರುತ್ತದೆ.

ಎಕ್ಸ್‌ಚೇಂಜ್ ಆಫರ್ ಇನ್ನೊಂದು ಥರದ್ದು. ಭಾವಮೈದನಿಗೆ ಷೋರೂಂ ಹುಡುಗ ಹೇಳಿದ್ದು ಇಷ್ಟು: ‘ಡೌನ್‌ಪೇಮೆಂಟ್‌ಗೆ ಇಟ್ಟಿರೋ ಎರಡು ಲಕ್ಷದಲ್ಲಿ ಹಳೇ ಲೋನ್ ಕ್ಲೋಸ್ ಮಾಡೋಣ ಸಾರ್, ಹೊಸ ಗಾಡಿಗೆ ಪೂರ್ತಿ ಆನ್‌ರೋಡ್ ಲೋನ್ ಮಾಡಿಸ್ತೀನಿ.’ ಕೇಳೋಕೆ ಚೆನ್ನಾಗಿದೆ. ಆದರೆ ಹಳ್ಳ ಮುಚ್ಚಲಿಲ್ಲ, ಇನ್ನೂ ದೊಡ್ಡ ಗಾಡಿಯ ಕೆಳಗೆ ಹೋಯಿತು ಅಷ್ಟೇ. ಹತ್ತು ಲಕ್ಷ ದಾಟಿದ ಕಾರಿಗೆ ನಮ್ಮಲ್ಲಿ ತೆರಿಗೆ ಶೇ 17. ಅದಕ್ಕೂ ಸಾಲ.

ಕಂತೇ ಕಟ್ಟಲು ಆಗದಿದ್ದರೆ

ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ. ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಎಂದು ಬರಹದಲ್ಲಿ ಕೇಳಿ, ನಕಲಿನ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಆಮೇಲೆ ಮಾತುಕತೆ ಕಷ್ಟ.

‘ಕಾರು ತಗೊಂಡು ಹೋಗಲಿ ಬಿಡು, ಪೀಡೆ ಹೋಯ್ತು’ ಅನ್ನುವ ಮಾತು ತಪ್ಪು. ಬ್ಯಾಂಕ್ ಹರಾಜು ಹಾಕುತ್ತದೆ, ಹರಾಜಿನಲ್ಲಿ ಮಾರುಕಟ್ಟೆ ಬೆಲೆ ಹುಟ್ಟುವುದಿಲ್ಲ, ಕಡಿಮೆ ಬಿದ್ದದ್ದನ್ನು ನಿಮ್ಮಿಂದಲೇ ಕೇಳುತ್ತದೆ. ಸಿಬಿಲ್ ಸ್ಕೋರೂ ಕೆಡುತ್ತದೆ. ಮಾರಬೇಕು ಅಂದರೆ ಕೀ ನಿಮ್ಮ ಕೈಯಲ್ಲಿರುವಾಗಲೇ ಮಾರಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಮೊದಲು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಭಾವಮೈದ ಡೌನ್‌ಪೇಮೆಂಟಿಗೆ ಇಟ್ಟಿದ್ದ ದುಡ್ಡಿನಲ್ಲಿ 1 ಲಕ್ಷ ಅಸಲಿಗೆ ಕಟ್ಟಿದ, ಅವಧಿ ಇಳಿಸಿದ. ಆರು ತಿಂಗಳಾದ ಮೇಲೆ ಅದೇ ಬ್ರೋಕರ್ ಫೋನ್ ಮಾಡಿದ್ದ. ‘ಗಾಡಿ ಇನ್ನೂ ಇದೆಯಾ ಸಾರ್? ಈಗ ಮಾರ್ಕೆಟ್ ಡಲ್ಲು, ಐದು ತೊಂಬತ್ತು ಕೊಡಿಸ್ತೀನಿ.’ ಆ ದಿನ ಆ್ಯಪ್‌ನಲ್ಲಿ ಬಾಕಿ 6.11 ಲಕ್ಷ ಇತ್ತು.