ತೋಳ ಬಿಡುವುದಕ್ಕೆ ಗೇಟು ಬೇಡ: ನನ್ನ ಅನುಭವ

ಬೇರೆ ಕಡೆಯಿಂದ ತಂದ ದಿನವೇ ಹೊಸ ಕಾಡಿಗೆ ಬಿಟ್ಟ ತೋಳ ಅಲ್ಲಿ ನಿಲ್ಲುವುದು ಕಡಿಮೆ. ಮೊದಲ ಜೋಡಿ ಬೆಟ್ಟ ದಾಟಿ ಹೋದಾಗ, ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುವ ಹಾಗೆ ಎಲ್ಲರೂ ಒಂದೊಂದು ಮಾತು ಎಸೆದರು. ದೊಡ್ಡಿಯಲ್ಲಿ ಕೂಡಿಟ್ಟು ಬಿಟ್ಟ ಹಿಂಡು ಈಗ ಅದೇ ಕಣಿವೆಯಲ್ಲಿ ಮರಿ ಹಾಕಿದೆ. ಕಲ್ಲು ಎಸೆದವರೇ ದೊಡ್ಡಿಯ ಅಳತೆ ಕೇಳುತ್ತಿದ್ದಾರೆ.

ಸುಮಾರು 1 ಎಕರೆ ಜಾಗ, 10 ಅಡಿ ಎತ್ತರದ ಚೈನ್‌ಲಿಂಕ್ ಜಾಲರಿ. ಮೇಲ್ಗಡೆ 2 ಅಡಿ ಒಳಕ್ಕೆ ಬಾಗಿರಬೇಕು. ಬುಡದಲ್ಲಿ 4 ಅಡಿ ಜಾಲರಿಯನ್ನು ಒಳಬದಿಯ ನೆಲಕ್ಕೆ ಹಾಸಿ ಗೂಟ ಹೊಡೆಯಬೇಕು. ತೋಳ ಅಗೆಯುವುದು ಬೇಲಿಯ ಬುಡದಲ್ಲೇ. ಉಗುರಿಗೆ ಜಾಲರಿ ಸಿಕ್ಕರೆ, ಎರಡು ಹೆಜ್ಜೆ ಹಿಂದೆ ಸರಿದು ಅಗೆಯೋಣವೆಂದು ಅದಕ್ಕೆ ಹೊಳೆಯುವುದಿಲ್ಲ. ಮೂಲೆಗಳನ್ನು ಗುಂಡಾಗಿ ತಿರುಗಿಸಿ, ಇಲ್ಲವಾದರೆ ಎರಡೂ ಬದಿಗೆ ಕಾಲು ಕೊಟ್ಟು ಹತ್ತುತ್ತದೆ. ಕಟ್ಟುತಂತಿಯ ತಿರುಚೆಲ್ಲ ಹೊರಬದಿಗೇ ಇರಲಿ. ಒಳಗೆ ಚೂರು ತುದಿ ಕಂಡರೂ ಕಚ್ಚಿ ಎಳೆದು ಕೋರೆಹಲ್ಲು ಮುರಿದುಕೊಳ್ಳುತ್ತದೆ.

ದುಡ್ಡು ಹೋಗುವುದು ಜಾಲರಿಗಲ್ಲ, ಅದನ್ನು ಬೆಟ್ಟಕ್ಕೆ ಹೊರುವುದಕ್ಕೆ. ನೆನಪಿನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಗಣೆಯೇ. ರಸ್ತೆ ಪಕ್ಕ ಕಟ್ಟಿದರೆ ಅಗ್ಗ, ನಿಜ. ಆದರೆ ಗಾಡಿ ಸದ್ದಿಗೆ ಒಗ್ಗಿದ ತೋಳ ಊರಿಗೂ ಹೆದರುವುದಿಲ್ಲ. ಬಿಚ್ಚಿ ಜೋಡಿಸುವ ಚೌಕಟ್ಟುಗಳಾದರೆ ಮುಂದಿನ ಕಣಿವೆಗೂ ಆದೀತು. ತೋಳದ ಕೊರಳಿಗೆ ಕಟ್ಟುವ, ಅದು ಎಲ್ಲಿದೆಯೆಂದು ಹೇಳುವ ಕಾಲರ್ ಗಂಟೆಗೊಮ್ಮೆ ಜಾಗ ತಿಳಿಸಬೇಕೆಂದು ಹಟ ಹಿಡಿದರೆ ಬ್ಯಾಟರಿ ಬೇಗ ಕೈಕೊಡುತ್ತದೆ. ದಿನಕ್ಕೆ ನಾಲ್ಕಾರು ಸಲ ಸಾಕು.

ಊಟ ದಿನಾ ಬೇಡ. ತೋಳವೊಂದಕ್ಕೆ ದಿನಕ್ಕೆ 3-4 ಕಿಲೋದಂತೆ ಕೂಡಿಸಿ, ವಾರಕ್ಕೆ ಎರಡು ಸಲ, ಆ ಕಾಡಿನದೇ ಜಿಂಕೆಯ ಇಡೀ ಹೆಣವನ್ನು ಚರ್ಮ ಸಮೇತ ಹಾಕಿ. ಕುರಿಮಾಂಸದ ರುಚಿ ಹತ್ತಿಸುವ ಗೊಡವೆಗೆ ನಾವು ಹೋಗಲಿಲ್ಲ.

ಎಂಟು-ಹತ್ತು ವಾರ ಕಳೆದು ಗೇಟು ತೆರೆದಿಟ್ಟರೆ ಹೆಚ್ಚಿನವು ಹೊರಬರುವುದಿಲ್ಲ. ಅವುಗಳ ಪಾಲಿಗೆ ಗೇಟೆಂದರೆ ಮನುಷ್ಯ ಬರುವ ದಾರಿ. 1995ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ತೋಳ ತಂದಾಗಲೂ ಇದೇ ಆಗಿ, ಕೊನೆಗೆ ಬೇಲಿಯನ್ನೇ ಕತ್ತರಿಸಿ ಕಿಂಡಿ ಮಾಡಿದರು. ನಾವು ಗೇಟಿನ ತಂಟೆಗೇ ಹೋಗದೆ ಹಿಂಬದಿಯಲ್ಲಿ, ಅವು ಓಡಾಡಿ ಸವೆಸಿದ ಜಾಡಿನ ನೇರಕ್ಕೆ, 4 ಅಡಿ ಅಗಲ ಕತ್ತರಿಸಿ ಹೊರಗೊಂದು ಹೆಣ ಇಡುತ್ತೇವೆ. ಎಷ್ಟು ದೂರ, ಗಾಳಿಯ ಯಾವ ಬದಿಗೆ ಎಂಬುದು ಸದ್ಯ ನಮ್ಮಲ್ಲೇ ಇರಲಿ. ಕೂಡುವ ಕಾಲ ಒಳಗೇ ಕಳೆಯುವಂತೆ ದಿನ ನೋಡಿಕೊಳ್ಳಿ. ಬಸುರು ಸುಮಾರು 63 ದಿನ. ಬಸುರಿ ಹೆಣ್ಣು ಹತ್ತಿರದಲ್ಲೇ ಬಿಲ ಹುಡುಕುವ ಸಂಭವ ಹೆಚ್ಚು.

ಹೊರಬಂದ ತೋಳ ಕುರಿಹಟ್ಟಿಯತ್ತ ಹೋಗದಿರಲೆಂದು ಹಿಕ್ಕೆಯ ಪ್ರಯೋಗವೂ ನಡೆದಿದೆ. ಬೇರೆ ಹಿಂಡಿನ ಹಿಕ್ಕೆ ತಂದು ಕುರಿಹಟ್ಟಿಗಳ ಕಡೆಯ ಜಾಡಿನಲ್ಲಿ ಉದುರಿಸಿದ್ದೆವು. ಮಳೆ ಬಂದರೆ ಮತ್ತೆ ಮೊದಲಿನಿಂದ. ಅದಕ್ಕಿಂತ ಹಗ್ಗಕ್ಕೆ ಕಟ್ಟಿದ ಕೆಂಪು ಬಟ್ಟೆಪಟ್ಟಿ ವಾಸಿ: ಅರ್ಧ ಮೀಟರಿಗೊಂದು, ತುದಿ ನೆಲಕ್ಕೆ ತಾಗುವಷ್ಟು ಉದ್ದ. ಹೆದರಿಕೆ ಎರಡು ತಿಂಗಳು ಉಳಿದರೆ ಹೆಚ್ಚು. ಗಾಳಿಗೆ ಪಟ್ಟಿಗಳು ಹಗ್ಗಕ್ಕೇ ಸುತ್ತಿಕೊಂಡು ಕೆಳಗೆ ಸಂದು ಬಿಡುತ್ತವೆ, ತೋಳ ನುಸುಳುವುದು ಅಲ್ಲೇ. ಬಿಡಿಸುತ್ತಾ ತಿರುಗಲು ಒಬ್ಬ ಆಳು ಬೇಕು. ಆ ಕೂಲಿಯನ್ನು ಮಾತ್ರ ಯಾರೂ ಬಜೆಟ್‌ನಲ್ಲಿ ಬರೆಯುವುದಿಲ್ಲ.