ಒಂದು ಬಾಟಲಿ ಸಪ್ಪೆ, ಪಕ್ಕದ್ದು ಕಾರಂಜಿ: ಮನೆ ಬಿಯರ್‌ಗೆ ಗ್ಯಾಸ್ ಸಮವಾಗಿ ಹಿಡಿಸೋದು ಹೇಗೆ

ಮನೇಲಿ ಬಿಯರ್ ಮಾಡೋರು ಹುದುಗು ಬರೋ ತನಕ ಕೂಸಿನ ಥರ ನೋಡ್ಕೋತಾರೆ, ಬಾಟಲಿ ತುಂಬೋ ದಿನ ಮಾತ್ರ ಅದೇನು ಅವಸರವೋ ಗೊತ್ತಿಲ್ಲ. ಎರಡು ವಾರ ಬಿಟ್ಟು ತೆಗೆದ್ರೆ ಒಂದು ಬಾಟಲಿ ಸಪ್ಪೆ, ಇನ್ನೊಂದು ಸೀಲಿಂಗ್ ಮುಟ್ಟತ್ತೆ. ಬಾಟಲಿ ತುಂಬುವಾಗ ಬೆರೆಸೋ ಸಕ್ಕರೇನ ಯೀಸ್ಟ್ ತಿಂದು ಒಳಗೆ ಗ್ಯಾಸ್ ಮಾಡತ್ತೆ. ಬೈಸಿಕೊಳ್ಳೋದು ಯೀಸ್ಟ್, ತಪ್ಪು ಇರೋದು ಸಕ್ಕರೆ ಬೆರೆಸಿದ ಕೈಯಲ್ಲಿ.

ಮೊದಲು ಹುದುಗೋದು ಪೂರ್ತಿ ಮುಗಿದಿದೆಯಾ ನೋಡಿ. ಗುಳ್ಳೆ ನಿಂತಿದೆ ಅಂತ ನಂಬಬೇಡಿ, ಹೈಡ್ರೋಮೀಟರ್ (ಬಿಯರ್‌ನ ಸಾಂದ್ರತೆ ಅಳೆಯೋ ತೇಲೋ ಕೊಳವೆ) ಮೂರು ದಿನ ಒಂದೇ ನಂಬರ್ ತೋರಿಸ್ಬೇಕು. ಒಳಗೆ ಸಕ್ಕರೆ ಉಳಿದಿದ್ರೆ ಬಾಟಲಿ ಒಡೆಯತ್ತೆ, ಗಾಜಿನ ಚೂರು ಮುಖಕ್ಕೂ ಹಾರಬಹುದು.

ಬಾಟಲಿ ತೊಳೆದು ಸ್ಯಾನಿಟೈಸ್ ಮಾಡಿಡಿ. ತಿರುಗಿಸಿ ತೆಗೆಯೋ ಮುಚ್ಚಳದ ಬಾಟಲಿ ಬೇಡ, ಕ್ರೌನ್ ಕ್ಯಾಪ್ (ಒತ್ತಿ ಕೂರಿಸೋ ತಗಡಿನ ಮುಚ್ಚಳ) ಅದಕ್ಕೆ ಸರಿಯಾಗಿ ಕೂರಲ್ಲ, ಗ್ಯಾಸ್ ಸೋರತ್ತೆ.

ಈಗ ಸಕ್ಕರೆ. ಚಮಚ, ಕಪ್ಪಿನ ಲೆಕ್ಕ ಬಿಟ್ಟು ತಕ್ಕಡೀಲಿ ತೂಗಿ. ಲೀಟರಿಗೆ 4 ಗ್ರಾಂ ಸಾಮಾನ್ಯ ಸಕ್ಕರೆ ಹಾಕಿದ್ರೆ ಸುಮಾರು 1 ವಾಲ್ಯೂಮ್ ಗ್ಯಾಸ್ ಹೆಚ್ಚತ್ತೆ, ಅಂದ್ರೆ ಬಿಯರ್ ಎಷ್ಟಿದೆಯೋ ಅಷ್ಟೇ ಅಳತೆಯ ಗ್ಯಾಸ್. 20 ಡಿಗ್ರೀಲಿ ಹುದುಗಿದ ಬಿಯರ್‌ನಲ್ಲಿ ಆಗಲೇ ಸುಮಾರು 0.85 ಇರತ್ತೆ, ನಮಗೆ 2.4 ಸಾಕು, ಹಾಗಾಗಿ ಲೀಟರಿಗೆ 6 ಗ್ರಾಂ ಚಿಲ್ಲರೆ, 20 ಲೀಟರಿಗೆ 120ರಿಂದ 125 ಗ್ರಾಂ. ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಪುಡಿ) ಆದ್ರೆ ಶೇಕಡ 10ರಷ್ಟು ಜಾಸ್ತಿ ಹಾಕಿ. ಹುದುಗೋ ಪಾತ್ರೇಲಿ ಎಷ್ಟಿತ್ತು ಅನ್ನೋದು ಲೆಕ್ಕಕ್ಕಿಲ್ಲ, ಗಸಿ ಬಿಟ್ಟು, ಬಾಟಲಿ ತುಂಬೋಕೆ ಇಟ್ಟ ನಲ್ಲಿ ಇರೋ ಬಕೆಟ್‌ಗೆ ಎಷ್ಟು ಬರತ್ತೆ ಅನ್ನೋದನ್ನ ನೋಡಿ. ಇನ್ನೊಂದು, ತುಂಬೋ ಮುಂಚೆ ಫ್ರಿಜ್‌ನಲ್ಲಿ ಇಟ್ಟಿದ್ರೂ ಲೆಕ್ಕ ಹಾಕೋದು ಹುದುಗುವಾಗ ಮುಟ್ಟಿದ ಅತಿ ಹೆಚ್ಚಿನ ಬಿಸಿ ಮೇಲೇ, ಯಾಕಂದ್ರೆ ಹೊರಗೆ ಹೋದ ಗ್ಯಾಸ್ ತಣ್ಣಗಾಯ್ತು ಅಂತ ವಾಪಸ್ ಬರಲ್ಲ.

ಎಲ್ಲರೂ ಎಡವೋದು ಮುಂದಿನ ಹಂತದಲ್ಲಿ. ಸಕ್ಕರೇನ ಒಂದು ಲೋಟ ನೀರಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಖಾಲಿ ಬಕೆಟ್ ತಳಕ್ಕೆ ಮೊದಲೇ ಸುರೀಬೇಕು. ಬಿಯರ್ ಮೇಲೆ ಪಾಕ ಸುರಿದ್ರೆ ಅದು ಭಾರ, ಸೀದಾ ತಳಕ್ಕಿಳಿದು ಕೂರತ್ತೆ, ನಲ್ಲಿ ಇರೋದೂ ತಳದಲ್ಲೇ, ಮೊದಲ ಬಾಟಲಿಗಳು ಕಾರಂಜಿ ಆಗೋದು, ಕೊನೇವು ಸಪ್ಪೆ ಆಗೋದು ಹೀಗೆ. ಹುದುಗೋ ಪಾತ್ರೆಯಿಂದ ಬಿಯರ್ ಇಳಿಸೋ ಸೈಫನ್ ಪೈಪಿನ ತುದಿ ಬಕೆಟ್ ಗೋಡೆಗೆ ಒರಗಿ ತಳದಲ್ಲಿ ಸುರುಳಿ ಆಗಿರ್ಲಿ, ಬಿಯರ್ ತಾನೇ ಸುತ್ತು ಹೊಡೀತಾ ಬೆರೆಯತ್ತೆ. ಆದ್ರೂ ಸುತ್ತೋದನ್ನೊಂದೇ ನಾನು ನಂಬಲ್ಲ, ಸ್ಯಾನಿಟೈಸ್ ಮಾಡಿದ ಉದ್ದ ಸೌಟಲ್ಲಿ ತಳದಿಂದ ಮೇಲಕ್ಕೆ ಮೆಲ್ಲಗೆ ಹತ್ತು ಸಲ ಎತ್ತಿ ತಿರುವಿ, ಅರ್ಧ ಖಾಲಿ ಆದಾಗ ಇನ್ನೊಂದು ಸಲ. ಮಜ್ಜಿಗೆ ಕಡೆದ ಹಾಗೆ ಮಾಡಿದ್ರೆ ಗಾಳಿ ಸೇರಿ ಬಿಯರ್ ಒದ್ದೆ ರಟ್ಟಿನ ರುಚಿ ಬರತ್ತೆ.

ಪ್ರತಿ ಬಾಟಲಿಗೆ ಒಂದು ಅಂತ ಹಾಕೋ ಸಕ್ಕರೆ ಗುಳಿಗೆ ಸಿಗತ್ತೆ. ನನಗಂತೂ ಇಷ್ಟ ಇಲ್ಲ, ಗುಳಿಗೆ ಸೈಜ್ ಒಂದೇ, ಬಾಟಲಿಗಳ ಸೈಜ್ ಬೇರೆ ಬೇರೆ.

ಬಾಟಲಿ ಬಾಯಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ತುಂಬಿ, ಕ್ಯಾಪ್ ಹೊಡೆದು, ಎಲ್ಲವನ್ನೂ 20 ಡಿಗ್ರಿ ಆಸುಪಾಸಲ್ಲಿ ಒಂದೇ ಕಡೆ ಎರಡು ವಾರ ಇಡಿ, ಕೆಲವು ನೆಲದ ಮೇಲೆ ಕೆಲವು ಅಟ್ಟದ ಮೇಲೆ ಇಟ್ರೆ ಮತ್ತೆ ಹೆಚ್ಚುಕಮ್ಮಿ. ಒಂದನ್ನ ಪ್ಲಾಸ್ಟಿಕ್ ಸೋಡಾ ಬಾಟಲೀಲಿ ತುಂಬಿಡಿ, ಹಿಚುಕಿದ್ರೆ ಕಲ್ಲಿನ ಹಾಗಿದ್ರೆ ಗ್ಯಾಸ್ ಹಿಡಿದಿದೆ. ತೆಗೆಯೋ ಹಿಂದಿನ ದಿನ ಫ್ರಿಜ್‌ಗೆ. ಮೊದಲ ಬಾಟಲಿ ಉಕ್ಕಿದ್ರೆ ಉಳಿದವನ್ನ ಕೂಡ್ಲೇ ತಣ್ಣಗೆ ಮಾಡಿ, ಕಣ್ಣಿಗೆ ಕನ್ನಡಕ, ಬಾಟಲಿಗೆ ದಪ್ಪ ಟವೆಲ್ ಸುತ್ತಿ, ಮುಚ್ಚಳ ಸ್ವಲ್ಪ ಎತ್ತಿ ಗ್ಯಾಸ್ ಬಿಟ್ಟು ಹೊಸ ಕ್ಯಾಪ್ ಹಾಕಿ.