ಕಾರಾಗೃಹದಲ್ಲಿ ಲೈಂಗಿಕ ಸೋಂಕುಗಳ ತಪಾಸಣೆ: ನನ್ನ ಅನುಭವ

ಕಾರಾಗೃಹದ ಆಸ್ಪತ್ರೆಯಲ್ಲಿ ವೈದ್ಯನಾಗಿ ಲೈಂಗಿಕವಾಗಿ ಹರಡುವ ಸೋಂಕುಗಳ ತಪಾಸಣೆ ನಡೆಸುತ್ತಾ ಬಂದಿರುವ ನನಗೆ, ರಕ್ತ ತೆಗೆಯುವುದಕ್ಕಿಂತ ಅದಕ್ಕೆ ಮುಂಚಿನ ಮಾತುಕತೆಯೇ ಕಷ್ಟದ ಕೆಲಸವೆನಿಸಿದೆ. ಹೊಸದಾಗಿ ಬಂದವರನ್ನು ಆದಷ್ಟು ಬೇಗ ವೈದ್ಯಕೀಯವಾಗಿ ಪರೀಕ್ಷಿಸಬೇಕೆಂದು ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳು ಹೇಳುತ್ತವೆ. ರೋಗಿಯ ಒಪ್ಪಿಗೆ ಮತ್ತು ಗೋಪ್ಯತೆಯನ್ನು ಗೌರವಿಸಬೇಕೆಂದೂ ಅವೇ ಹೇಳುತ್ತವೆ. ಆದರೆ ದಿನವಿಡೀ ಅಪ್ಪಣೆಗಳನ್ನೇ ಕೇಳುವ ಮನುಷ್ಯ ವೈದ್ಯರ ಪ್ರಶ್ನೆಗೂ ಅಪ್ಪಣೆಯೆಂದೇ ತಿಳಿದು ತಲೆಯಾಡಿಸುತ್ತಾನೆ. ಆದ್ದರಿಂದ, ಬೇಡವೆಂದರೆ ಉಳಿದ ಚಿಕಿತ್ಸೆಗೆ ಅಡ್ಡಿಯಿಲ್ಲ, ಆ ಮಾತು ಜೈಲಿನ ಕಚೇರಿಗೂ ತಲುಪುವುದಿಲ್ಲ ಎಂದು ಮೊದಲೇ ಹೇಳುತ್ತೇನೆ. ಕಾವಲು ಸಿಬ್ಬಂದಿ ಗಾಜಿನ ಬಾಗಿಲಾಚೆ ನಿಲ್ಲುತ್ತಾರೆ: ಕಾಣಿಸಬೇಕು, ಕೇಳಿಸಬಾರದು.

ಯಾರು ಯಾರೊಂದಿಗೆ ಏನು ಮಾಡಿದರೆಂದು ವಿಚಾರಿಸಿ ಅಪಾಯವಿದ್ದವರನ್ನಷ್ಟೇ ಆರಿಸುವ ಪದ್ಧತಿ ಒಳಗೆ ನಡೆಯದು. ಅಂತಹ ಉತ್ತರವೇ ಶಿಕ್ಷೆಗೆ ಕಾರಣವಾದೀತೆಂಬ ಭಯವಿರುವಲ್ಲಿ ಎಲ್ಲರೂ 'ಇಲ್ಲ' ಎನ್ನುತ್ತಾರೆ. ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕು ಬಹಳಷ್ಟು ಜನರಲ್ಲಿ ಲಕ್ಷಣವನ್ನೇ ತೋರುವುದಿಲ್ಲವಾದ್ದರಿಂದ ದೂರು ಹೇಳಿಕೊಂಡು ಬರಲಿ ಎಂದು ಕಾಯುವಂತೆಯೂ ಇಲ್ಲ. ಹಾಗಾಗಿ ಬಂದವರೆಲ್ಲರಿಗೂ ಒಂದೇ ಮಾತಿನಲ್ಲಿ ಪರೀಕ್ಷೆಯನ್ನು ಮುಂದಿಡುತ್ತೇನೆ.

ಕ್ಲಮೈಡಿಯಾ ಮತ್ತು ಗೊನೋರಿಯಾ ಪರೀಕ್ಷೆಗೆ ಒಂದು ಗಂಟೆಯಾದರೂ ಮೂತ್ರ ಮಾಡದೆ ಇದ್ದು, ಆಮೇಲೆ ಮೊದಲು ಬರುವ 20–30 ಮಿಲಿಲೀಟರನ್ನು ಹಿಡಿಯಬೇಕು. ದಾಖಲಾತಿಗಾಗಿ ಬಹಳ ಹೊತ್ತು ಸಾಲಿನಲ್ಲಿ ನಿಂತವರು ಬಿಡುವು ಸಿಕ್ಕೊಡನೆ ಶೌಚಾಲಯಕ್ಕೆ ಧಾವಿಸುವುದು ಸಹಜವಾದ್ದರಿಂದ, ಮಾತುಕತೆ ಮುಗಿದು ಒಪ್ಪಿದವರ ಕೈಗೆ ಮೊದಲು ಡಬ್ಬಿ ಕೊಟ್ಟು ಬೆರಳಿನ ರಕ್ತವನ್ನು ಆಮೇಲೆ ತೆಗೆಯುತ್ತೇವೆ. ಸಿಫಿಲಿಸ್‌ನ ತ್ವರಿತ ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡಿದ ಮಾತ್ರಕ್ಕೆ ಸೋಂಕು ಈಗಲೂ ಇದೆಯೆಂದಲ್ಲ. ಹಿಂದೆ ಗುಣವಾದವರಲ್ಲೂ ಅದು ಮೂಡುತ್ತದೆ. ಆರ್‌ಪಿಆರ್ ಎಂಬ ರಕ್ತಪರೀಕ್ಷೆಯ ಟೈಟರ್ (ರಕ್ತದಲ್ಲಿನ ಪ್ರತಿಕಾಯಗಳ ಮಟ್ಟ) ನೋಡಿ, ಹಳೆಯ ಚಿಕಿತ್ಸೆಯ ವಿವರ ಕೇಳಿದ ಮೇಲೆಯೇ ತೀರ್ಮಾನಿಸಬೇಕು. ಗರ್ಭಿಣಿಯ ವಿಷಯದಲ್ಲಿ ಮಾತ್ರ ಹೆಚ್ಚು ಕಾಯುವುದು ಸಲ್ಲದು.

ಫಲಿತಾಂಶ ತಿಳಿಸಲು ಯಾರನ್ನೂ ಪ್ರತ್ಯೇಕವಾಗಿ ಕರೆಸುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಲ್ಲುನೋವಿನವರ ಹೆಸರುಗಳ ನಡುವೆಯೇ ಅವರ ಹೆಸರೂ ಬ್ಯಾರಕ್‌ಗೆ ಹೋಗುವ ಪಟ್ಟಿಯಲ್ಲಿರುತ್ತದೆ. ಕ್ಲಮೈಡಿಯಾಕ್ಕೆ ಏಳು ದಿನ ಎರಡು ಹೊತ್ತು ಕೊಡುವ ಡಾಕ್ಸಿಸೈಕ್ಲಿನ್ ಕೂಡ ಎಲ್ಲರ ಮಾತ್ರೆಗಳಂತೆ ಒಂದೇ ಬಗೆಯ ಲಕೋಟೆಯಲ್ಲಿ ಹೋಗುತ್ತದೆ, ಏಕೆಂದರೆ ಔಷಧಿಯ ಸಾಲಿನಲ್ಲಿ ನಿಂತವರ ಕಣ್ಣು ಬಹಳ ಚುರುಕು.

ನನ್ನನ್ನು ಹೆಚ್ಚು ಕಾಡುವುದು ಬಿಡುಗಡೆಯ ಅನಿಶ್ಚಿತತೆ. ಸೋಂಕು ತಗುಲಿ ಎಷ್ಟು ಕಾಲವಾಯಿತೆಂದು ತಿಳಿಯದ ಸಿಫಿಲಿಸ್‌ಗೆ ವಾರಕ್ಕೊಂದರಂತೆ ಮೂರು ಬಾರಿ, ಪ್ರತಿ ಸಲ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಚುಚ್ಚಬೇಕು. ಆದರೆ ವಿಚಾರಣಾಧೀನ ಕೈದಿಗೆ ಎರಡನೆಯದರ ಹೊತ್ತಿಗೇ ಜಾಮೀನು ಸಿಕ್ಕಿರಬಹುದು. ಅದಕ್ಕೇ ಮೊದಲ ಚುಚ್ಚುಮದ್ದಿನ ದಿನವೇ, ಕೊಟ್ಟ ಔಷಧಿ, ತಾರೀಖು, ಟೈಟರ್ ಹಾಗೂ ಬಾಕಿಯಿರುವ ಚುಚ್ಚುಮದ್ದುಗಳನ್ನು ಬರೆದ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಬಿಡುಗಡೆಯಾಗುವಾಗ ಅವರ ಕೈಗೇ ಸೇರುವಂತೆ ಸಿದ್ಧಪಡಿಸಿಡುತ್ತೇನೆ. ಟೈಟರ್ ಬರೆಯದಿದ್ದರೆ, ಚಿಕಿತ್ಸೆ ಫಲಿಸಿ ಅದು ನಾಲ್ಕು ಪಟ್ಟು ಇಳಿದಿದೆಯೇ ಎಂದು ಹೊರಗಿನ ವೈದ್ಯರಿಗೆ ಹೋಲಿಸಿ ನೋಡಲಾಗದು.